ಮುಂದಿನ ಕಂತಿನ ದೆವ್ವ

ಪುಸ್ತಕ ಅಚ್ಚಾಗಿ, ರಟ್ಟು ಕಟ್ಟಿ, ಅಂಗಡಿಗೆ ಬರುವವರೆಗೆ ಕಾಯುವ ತಾಳ್ಮೆ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಗೆ ಇರಲಿಲ್ಲ. ಕರಡು ಹಾಳೆಗಳನ್ನು ತಿದ್ದಿ ಮುಗಿಸಿದ ಹಾಗೆಲ್ಲ ಅರಮನೆಗೆ ಕಳಿಸುತ್ತಿರಬೇಕು ಎಂದು ಆಕೆ ಹೇಳಿಕಳಿಸಿದ್ದಳಂತೆ. ಇಸವಿ 1839. ರಾಣಿಗೆ ಆಗಿನ್ನೂ ಇಪ್ಪತ್ತು ವರ್ಷ. ಆಕೆ ಅಷ್ಟು ಆತುರದಿಂದ ಎದುರುನೋಡುತ್ತಿದ್ದ ಪುಸ್ತಕ ಮೂರು ಸಂಪುಟಗಳ ಒಂದು ದೊಡ್ಡ ಕಾದಂಬರಿ, 'ಕನ್‌ಫೆಷನ್ಸ್ ಆಫ್ ಎ ಥಗ್'. ದಾರಿಹೋಕರ ಸ್ನೇಹ ಮಾಡಿ, ಜೊತೆಯಲ್ಲೇ ನಡೆದು, ಜೊತೆಯಲ್ಲೇ ಉಂಡು, ಸಮಯ ನೋಡಿ ಕರವಸ್ತ್ರದಿಂದ ಕತ್ತು ಬಿಗಿಯುವ ಅಮೀರ್ ಅಲಿ ಎಂಬ ಠಕ್ಕ ತನ್ನ ಕೊಲೆಗಳನ್ನು ತಾನೇ ಹೇಳುತ್ತಾ ಹೋಗುವ ಕತೆ. ಓದಿದವರ ಮೈ ನಡುಗಿತು. ನಡುಗಿದವರೇ ಇನ್ನೊಬ್ಬರಿಗೆ ಓದಲು ಹೇಳಿದರು.

ಬರೆದವನು ಫಿಲಿಪ್ ಮೆಡೋಸ್ ಟೇಲರ್, ಹೈದರಾಬಾದ್ ನಿಜಾಮನ ಸೈನ್ಯದಲ್ಲಿದ್ದ ಇಂಗ್ಲಿಷ್ ಅಧಿಕಾರಿ. ರಾಣಿಯ ಆತುರದ ಸಂಗತಿಯನ್ನು ಆತ ತನ್ನ ಆತ್ಮಕಥೆಯಲ್ಲಿ ಹೆಮ್ಮೆಯಿಂದಲೇ ಬರೆದುಕೊಂಡಿದ್ದಾನೆ. ರಜೆ ಮುಗಿಸಿ ಹಿಂದೂಸ್ಥಾನಕ್ಕೆ ಮರಳಿದ ಈ 'ಭಯಂಕರ' ಕಾದಂಬರಿಕಾರ 1840ರ ದಶಕದ ಆರಂಭದಲ್ಲಿ ಬಂದು ಬೀಡುಬಿಟ್ಟದ್ದು ಎಲ್ಲಿ? ನಮ್ಮ ಸುರಪುರದಲ್ಲಿ! ಬಾಲಕ ದೊರೆ ವೆಂಕಟಪ್ಪ ನಾಯಕರ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡು 1853ರವರೆಗೆ ಆತ ಅಲ್ಲಿಯೇ ಇದ್ದ. ಅವನು ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಗುಡ್ಡದ ಮೇಲೆ ಇಂದಿಗೂ ನಿಂತಿದೆ.

ಸುರಪುರ ತಾಲ್ಲೂಕಿನ ಕೆಂಭಾವಿಯ ಮಕ್ಕಳು ಟೇಲರ್ ಹೆಸರನ್ನು ಪಾಠದಲ್ಲಿ ಕೇಳಿರಬಹುದು. ಅವನ ಕಾದಂಬರಿ ಓದಿದವರು ಕಡಿಮೆ. ಆದರೆ ರಾಣಿಗೆ ಹಿಡಿದಿದ್ದ ಆ ಆತುರವಿದೆಯಲ್ಲ, ಅದು ಈ ಸೀಮೆಯ ಒಂದು ತಲೆಮಾರಿಗೆ ಚೆನ್ನಾಗಿ ಗೊತ್ತು. ಅವರಿಗೆ ಅದನ್ನು ಅಂಟಿಸಿದವರು ಇಂಗ್ಲಿಷರಲ್ಲ, ನೆರೆಯ ತೆಲುಗಿನವರು: ಯಂಡಮೂರಿ ವೀರೇಂದ್ರನಾಥ್.

ಚಾರ್ಟರ್ಡ್ ಅಕೌಂಟೆಂಟ್ ತಂದ ಕಾಷ್ಮೋರ

1948ರಲ್ಲಿ ಗೋದಾವರಿ ಸೀಮೆಯ ರಾಜೋಲಿನಲ್ಲಿ ಹುಟ್ಟಿದ ಯಂಡಮೂರಿ ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಲೆಕ್ಕಪತ್ರ ನೋಡಬೇಕಿದ್ದ ಕೈ ಕಾದಂಬರಿಗೆ ಹೊರಳಿತು. 1980ರ ದಶಕದ ಆರಂಭದ ಹೊತ್ತಿಗೆ 'ತುಳಸೀದಳ' ತೆಲುಗು ನಾಡನ್ನು ಬೆಚ್ಚಿಬೀಳಿಸಿತ್ತು. ತುಳಸಿ ಎಂಬ ಪುಟ್ಟ ಹುಡುಗಿ. ಆಕೆಯ ಹೆಸರಿಗೆ ಬರಲಿರುವ ದೊಡ್ಡ ಹಣ. ಆ ಹಣದ ಮೇಲೆ ಕಣ್ಣಿಟ್ಟವರು ಮಾಂತ್ರಿಕನನ್ನು ಹಿಡಿದು ಮಗುವಿನ ಮೇಲೆ 'ಕಾಷ್ಮೋರ'ವನ್ನು ಬಿಡಿಸುತ್ತಾರೆ. ಮಗು ದಿನದಿನಕ್ಕೆ ಸೊರಗುತ್ತದೆ. ಅತ್ತ ಡಾಕ್ಟರರು ಕಾಯಿಲೆಯ ಬೇರು ಹುಡುಕುತ್ತಿದ್ದರೆ ಇತ್ತ ಮಾಟದ ಬೇರು ಹುಡುಕುವವರು ಹೊರಡುತ್ತಾರೆ. ಇಬ್ಬರಿಗೂ ಇರುವ ಗಡುವು ಒಂದೇ.

ಅಮೆರಿಕದ ವಿಲಿಯಂ ಪೀಟರ್ ಬ್ಲಾಟಿ 1971ರಲ್ಲಿ ಬರೆದ 'ದಿ ಎಕ್ಸಾರ್ಸಿಸ್ಟ್' ಮತ್ತು 1973ರಲ್ಲಿ ಬಂದ ಅದರ ಸಿನಿಮಾದ ನೆರಳು ಇಲ್ಲಿದೆ ಎಂದು ಹೇಳಿದವರುಂಟು. ಇರಬಹುದು. ಆದರೆ ಬಾಡಿಗೆ ಮನೆ, ಆಫೀಸು, ಅತ್ತೆ ಮನೆಯ ಮಾತು, ಡಾಕ್ಟರರ ಚೀಟಿ ಇವುಗಳ ನಡುವೆ ನಿಂಬೆಹಣ್ಣು, ಸೂಜಿ, ಬೊಂಬೆಗಳನ್ನು ತಂದಿಟ್ಟ ಬಗೆ ಮಾತ್ರ ಅಪ್ಪಟ ಈ ನೆಲದ್ದು. ಓದುಗನಿಗೆ ಹೆದರಿಕೆಯಾದದ್ದು ದೆವ್ವ ದೊಡ್ಡದೆಂದಲ್ಲ, ಮನೆ ತನ್ನದೇ ಮನೆಯಂತಿತ್ತು ಎಂದು.

ತೆಲುಗಿನ ಜನಪ್ರಿಯ ಕಾದಂಬರಿಗಳನ್ನು ವಂಶಿ, ಸರಿತಾ ಜ್ಞಾನಾನಂದ, ರಾಜಾ ಚೆಂಡೂರ್ ಮೊದಲಾದವರು ಕನ್ನಡಕ್ಕೆ ತಂದರು. ವಾರಪತ್ರಿಕೆಗಳು ಅವನ್ನು ಧಾರಾವಾಹಿಯಾಗಿ ಹಾಕಿದವು. 'ತುಳಸೀದಳ' ಕನ್ನಡದಲ್ಲಿ 1985ರಲ್ಲಿ ಸಿನಿಮಾ ಕೂಡ ಆಯಿತು. ಮುಂದುವರಿದ ಭಾಗವಾಗಿ 'ತುಳಸಿ' ಬರುತ್ತದೆ ಎಂದಾಗ ಮೊದಲನೆಯದನ್ನು ಓದಿ ದೀಪ ಹಚ್ಚಿಟ್ಟು ಮಲಗಿದವರೇ ಮತ್ತೆ ಸಾಲಿನಲ್ಲಿ ಮೊದಲು ನಿಂತರು.

ಸಾಲು ಎಂದರೆ ಪುಸ್ತಕದಂಗಡಿಯ ಸಾಲಲ್ಲ. ಕೆಂಭಾವಿಯಂಥ ಊರಿಗೆ ಪತ್ರಿಕೆ ಬರುವುದೇ ಬಸ್ಸಿನಲ್ಲಿ. ರೈಲು ನಿಲ್ಲುವುದು ದೂರದ ಯಾದಗಿರಿಯಲ್ಲಿ. ಅಲ್ಲಿಂದ ಶಹಾಪುರ ದಾಟಿ ಬರಬೇಕು. ಮಳೆಗಾಲದಲ್ಲಿ ಬಸ್ಸು ಬಂದಾಗ ಬಂತು. ಇಂಥ ಊರುಗಳಲ್ಲಿ ಒಂದು ವಾರಪತ್ರಿಕೆ ಎಂದರೆ ಒಂದು ಮನೆಯ ಸೊತ್ತಲ್ಲ, ಒಂದು ಓಣಿಯ ಸೊತ್ತು. ಮೇಷ್ಟ್ರ ಮನೆಯಿಂದ ಪೋಸ್ಟ್ ಆಫೀಸಿನವರ ಮನೆಗೆ, ಅಲ್ಲಿಂದ ಕಾಲೇಜು ಓದುವ ಅಕ್ಕನ ಕೈಗೆ, ಆಕೆಯಿಂದ ಕದ್ದು ತಮ್ಮನ ಪಾಠಪುಸ್ತಕದ ಒಳಗೆ. 'ಅಭ್ಯಾಸ ಮಾಡಾಕತ್ತೀನವ್ವ' ಎಂಬ ಮಾತಿನ ಹಿಂದೆ ಎಷ್ಟೋ ಸಲ ಇದ್ದದ್ದು ಸಮಾಜಶಾಸ್ತ್ರವಲ್ಲ, ಕಾಷ್ಮೋರ!

ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ಜೋಡಿಸಿ, ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುವುದು ಕನ್ನಡದ ಅನೇಕ ಮನೆಗಳಲ್ಲಿ ನಡೆದುಬಂದ ಕೆಲಸ. ಒಂದು ಪುಟದ ಹಿಂಬದಿಗೆ ಅರ್ಧ ಅಡುಗೆ, ಇನ್ನೊಂದರ ಹಿಂಬದಿಗೆ ಕಾಲು ಭಾಗ ರಾಶಿಫಲ. ನಡುವೆ ಒಂದು ವಾರದ ಸಂಚಿಕೆ ಸಿಗದೆ ಹೋಗಿದ್ದರೆ ಅಲ್ಲಿ ಹೊಂಡ ಬೀಳುತ್ತಿತ್ತು. ಆ ಹೊಂಡವನ್ನು ತುಂಬುತ್ತಿದ್ದದ್ದು ಬಾಯಿಮಾತು. ಓದಿದವರು ಓದದವರಿಗೆ ಹೇಳಿದ ಕಂತಿನಲ್ಲಿ ಲೇಖಕರು ಬರೆಯದ ಇನ್ನೆರಡು ದೆವ್ವಗಳು ಸೇರಿಕೊಂಡಿದ್ದರೆ ಆಶ್ಚರ್ಯವೇನಿಲ್ಲ.

ಕಾಯಿಸುವ ಕಲೆ

ಹೆದರಿಸುವ ಕತೆಗೂ ಕಾಯುವಿಕೆಗೂ ಹತ್ತಿರದ ನಂಟು. ಪ್ರೇಮಕತೆಯ ಕೊನೆಯನ್ನು ಊಹಿಸಬಹುದು; ಊಹೆ ನಿಜವಾದರೆ ಸಂತೋಷ. ಭಯದ ಕತೆಯಲ್ಲಿ ಕದದ ಹಿಂದೆ ಏನಿದೆ ಎಂದು ಗೊತ್ತಾದ ಕ್ಷಣಕ್ಕೆ ಭಯ ಅರ್ಧ ಇಳಿಯುತ್ತದೆ. ಆದ್ದರಿಂದ ಜಾಣ ಲೇಖಕ ಕದದ ಮೇಲೆ ಕೈ ಇಡಿಸಿ 'ಮುಂದುವರಿಯುವುದು' ಎಂದುಬಿಡುತ್ತಾನೆ. ಆ ಒಂದು ವಾರ ಕದದ ಹಿಂದೆ ಇರುವುದನ್ನು ಕಟ್ಟಿಕೊಳ್ಳುವವನು ಓದುಗನೇ. ಅವನಿಗೆ ಯಾವುದರ ಹೆದರಿಕೆ ಹೆಚ್ಚೋ ಅದನ್ನೇ ಅಲ್ಲಿ ಕೂರಿಸುತ್ತಾನೆ.

ಇದನ್ನು ಅಮೆರಿಕದ ಸ್ಟೀಫನ್ ಕಿಂಗ್ ಚೆನ್ನಾಗಿ ಬಲ್ಲವರು. 1974ರ 'ಕ್ಯಾರಿ'ಯಿಂದ ಹೆಸರಾದ ಕಿಂಗ್ 1986ರಲ್ಲಿ 'ಇಟ್' ಎಂಬ ಸಾವಿರದ ನೂರು ಪುಟಕ್ಕೂ ಮಿಕ್ಕ ಕಾದಂಬರಿ ಕೊಟ್ಟಾಗ ಜನ ಇಟ್ಟಿಗೆಯಂಥ ಆ ಪುಸ್ತಕವನ್ನು ಹೊತ್ತುಕೊಂಡೇ ತಿರುಗಿದರು. ಅದೇ ಕಿಂಗ್ 1996ರಲ್ಲಿ ಹಳೆಯ ದಾರಿಗೆ ಮರಳಿ 'ದಿ ಗ್ರೀನ್ ಮೈಲ್' ಕಾದಂಬರಿಯನ್ನು ತಿಂಗಳಿಗೊಂದರಂತೆ ಆರು ತೆಳು ಪುಸ್ತಕಗಳಾಗಿ ಬಿಟ್ಟರು. ಮೊದಲ ಕಂತು ಹೊರಬಂದಾಗ ಕೊನೆಯ ಕಂತನ್ನು ಇನ್ನೂ ಬರೆದಿರಲಿಲ್ಲ. ಹಿಂದಿನ ಪುಟ ತಿರುವಿ ಅಂತ್ಯ ನೋಡಿಬಿಡುವ ಚಾಳಿಯವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕಂಪ್ಯೂಟರಿನ ಕಾಲದಲ್ಲೂ ಅಮೆರಿಕದವರು ತಿಂಗಳುಗಟ್ಟಲೆ ಕಾದರು. ಒಂದು ಹಂತದಲ್ಲಿ ಆರೂ ಕಂತುಗಳು ಒಟ್ಟಿಗೆ 'ನ್ಯೂಯಾರ್ಕ್ ಟೈಮ್ಸ್'ನ ಅತಿಹೆಚ್ಚು ಮಾರಾಟದ ಪಟ್ಟಿಯಲ್ಲಿದ್ದವು. ಕಾಯುವ ಓದುಗರ ಬಗ್ಗೆ ಕಿಂಗ್‌ಗೇ ಒಂದು ಅಳುಕು ಇದ್ದಿರಬೇಕು. 1987ರ 'ಮಿಸರಿ'ಯಲ್ಲಿ ಒಬ್ಬ ಅಭಿಮಾನಿ ಓದುಗಳು ತನ್ನ ಮೆಚ್ಚಿನ ಲೇಖಕನನ್ನು ಮನೆಯಲ್ಲಿ ಕೂಡಿಹಾಕಿ, ಹೊಸ ಕಾದಂಬರಿ ಬರೆದುಕೊಡುವವರೆಗೆ ಬಿಡುವುದೇ ಇಲ್ಲ!

ಕೆಂಭಾವಿಗೆ ಭಯವಿಸ್ಮಯದ ಕತೆ ಹೊಸದಲ್ಲ ಎಂಬುದನ್ನೂ ಹೇಳಬೇಕು. ಹನ್ನೆರಡನೆಯ ಶತಮಾನದ ಶರಣ ಕೆಂಭಾವಿ ಭೋಗಣ್ಣ ಈ ಊರಿನವನು. ಕೀಳುಕುಲದವನೆಂದು ಕಂಡ ಜಂಗಮನಿಗೆ ಮನೆಯಲ್ಲಿ ಆದರ ಮಾಡಿದನೆಂದು ಊರಿನವರು ಅವನನ್ನು ಹೊರಗೆ ಅಟ್ಟುತ್ತಾರೆ. ಅವನು ಹೊರಟಾಗ ಊರ ಗುಡಿಗಳ ಲಿಂಗಗಳೆಲ್ಲ ಕಿತ್ತುಕೊಂಡು ಅವನ ಹಿಂದೆ ಉರುಳಿಕೊಂಡು ಹೋಗುತ್ತವೆ. ಖಾಲಿ ಗುಡಿಗಳ ಎದುರು ನಿಂತ ಊರಿನವರ ಮುಖ ನೆನೆಸಿಕೊಳ್ಳಿ! ಹರಿಹರ ಈ ಕತೆಯನ್ನು ರಗಳೆಯಾಗಿ ಹೇಳಿದ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥ ತನ್ನ ಬಸವಪುರಾಣದಲ್ಲಿ ಹೇಳಿದ. ಆ ತೆಲುಗು ಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಅಂದರೆ ಕೆಂಭಾವಿಯ ಕತೆ ತೆಲುಗಿಗೆ ಹೋಗಿ ಕನ್ನಡಕ್ಕೆ ವಾಪಸು ಬಂದು ಆರು ನೂರು ವರ್ಷ ಆದ ಮೇಲೆ ತೆಲುಗಿನಿಂದ ತುಳಸಿಯ ಕತೆ ಬಂತು. ಈ ಗಡಿಯಲ್ಲಿ ಕತೆಗಳಿಗೆ ಚೆಕ್‌ಪೋಸ್ಟು ಇದ್ದದ್ದಿಲ್ಲ.

ಪುಟದ ಹೊರಗಿನ ಹೆದರಿಕೆ

ಇಲ್ಲಿಯವರೆಗೆ ಎಲ್ಲ ಸೊಗಸು. ಆದರೆ ಬೆಂಗಳೂರು, ಮೈಸೂರಿನಲ್ಲಿ 'ತುಳಸೀದಳ' ಓದುವುದಕ್ಕೂ ಗುಲಬರ್ಗಾ, ಬೀದರ, ಯಾದಗಿರಿಯ ಸೀಮೆಯಲ್ಲಿ ಓದುವುದಕ್ಕೂ ಒಂದು ವ್ಯತ್ಯಾಸವಿತ್ತು. ಅಲ್ಲಿ ಮಾಟ ಎಂಬುದು ಕತೆಯ ಸರಕು. ಇಲ್ಲಿ ಅದಕ್ಕೆ ಬಾಳಿನಲ್ಲೇ ಒಂದು ಹೆಸರಿತ್ತು: ಭಾನಾಮತಿ. ಮನೆಯ ಮೇಲೆ ಕಲ್ಲು ಬಿದ್ದರೆ ಭಾನಾಮತಿ. ಒಣಗಹಾಕಿದ ಬಟ್ಟೆಗೆ ಬೆಂಕಿ ಹತ್ತಿದರೆ ಭಾನಾಮತಿ. ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ನಾಯಿಯಂತೆ ಕೂಗತೊಡಗಿದರೆ ಭಾನಾಮತಿ. 'ಮಾಡಿಸಿದವರು ಯಾರು' ಎಂಬ ಪ್ರಶ್ನೆ ಎದ್ದಾಗ ಬೆರಳು ತಿರುಗುತ್ತಿದ್ದದ್ದು ಸಾಮಾನ್ಯವಾಗಿ ಊರಿನ ಬಡವರ ಕಡೆಗೆ, ವಿಧವೆಯರ ಕಡೆಗೆ, ಕೇರಿಯ ಕಡೆಗೆ. ಮಂತ್ರ ಉಚ್ಚರಿಸಲಾಗದಿರಲಿ ಎಂದು ಸಂಶಯಕ್ಕೊಳಗಾದವರ ಹಲ್ಲು ಕಿತ್ತ ಪ್ರಕರಣಗಳು ಗಡಿಯ ಈಚೆ ಆಚೆ ಎರಡೂ ಕಡೆ ನಡೆದಿವೆ. ಅದು ಕಾದಂಬರಿಯಲ್ಲ. ಅದಕ್ಕೆ ಮುಂದಿನ ಕಂತೂ ಇಲ್ಲ.

ಇಂಥ ನೆಲದಲ್ಲಿ ಒಂದು ಜನಪ್ರಿಯ ಕಾದಂಬರಿ 'ಮಾಟ ಇರಲೂಬಹುದು' ಎಂದರೆ ಏನಾಗುತ್ತದೆ? ತೆಲುಗಿನಲ್ಲಿ ಈ ಪ್ರಶ್ನೆಯನ್ನು ಖಡಾಖಂಡಿತವಾಗಿ ಎತ್ತಿದವರು ಲೇಖಕಿ ರಂಗನಾಯಕಮ್ಮ. ಇದು ತುಳಸೀದಳವಲ್ಲ, ಗಾಂಜಾದ ದಮ್ಮು ಎಂದು ಪುಸ್ತಕದ ಹೆಸರಿನಲ್ಲೇ ಚುಚ್ಚಿ ಅವರು ಕಾದಂಬರಿಯನ್ನು ಎಳೆಎಳೆಯಾಗಿ ಬಿಡಿಸಿ ಟೀಕಿಸಿದರು. ಯಂಡಮೂರಿಯವರ ಕಡೆಯಿಂದ ಹೇಳಬೇಕೆಂದರೆ, ಕಾದಂಬರಿ ಡಾಕ್ಟರರನ್ನು ಮೂರ್ಖರನ್ನಾಗಿ ಮಾಡುವುದಿಲ್ಲ. ಮಗುವಿನ ಸ್ಥಿತಿಗೆ ವೈದ್ಯಕೀಯ ಉತ್ತರವೂ ಉಂಟು, ಮಾಂತ್ರಿಕ ಉತ್ತರವೂ ಉಂಟು. ಯಾವುದರಿಂದ ಏನಾಯಿತೆಂದು ನೀವೇ ತೀರ್ಮಾನಿಸಿ ಎಂಬ ವರಸೆ ಅದು. ಕತೆಗಾರಿಕೆಯ ದೃಷ್ಟಿಯಿಂದ ಇದು ಬಲು ಜಾಣತನ. ಆದರೆ ಮಾಟದ ಹೆಸರಿನಲ್ಲಿ ಮನುಷ್ಯರನ್ನು ಹೊಡೆಯುವ ಕಡೆ ಈ 'ನೀವೇ ತೀರ್ಮಾನಿಸಿ' ಅಷ್ಟು ಮುಗ್ಧ ಮಾತಲ್ಲ. ರಂಗನಾಯಕಮ್ಮನವರ ಸಿಟ್ಟು ಕಾದಂಬರಿಯ ಮಟ್ಟಿಗೆ ಹೆಚ್ಚಾಯಿತು ಎನ್ನಬಹುದು, ಊರಿನ ಮಟ್ಟಿಗೆ ಹೆಚ್ಚಾಗಲಿಲ್ಲ.

ಈ ಅರೆನಂಬಿಕೆ ಯಂಡಮೂರಿಯವರದು ಮಾತ್ರವೂ ಅಲ್ಲ. ಸುರಪುರದ ಟೇಲರ್‌ನನ್ನೇ ನೋಡಿ. ವೆಂಕಟಪ್ಪ ನಾಯಕರಿಗೆ ಇಪ್ಪತ್ನಾಲ್ಕನೆಯ ವಯಸ್ಸು ದಾಟುವುದಿಲ್ಲ ಎಂದು ಜಾತಕ ನೋಡಿದವರು ಹೇಳಿದ್ದರೆಂಬುದನ್ನು ಆತ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಬ್ರಿಟಿಷರ ವಿರುದ್ಧ ಎದ್ದ ನಾಯಕರು 1858ರಲ್ಲಿ ಸೆರೆಯಾದರು. ಸೆರೆಯಾಳಾಗಿ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ತೀರಿಕೊಂಡರು. ವಯಸ್ಸು ಜಾತಕದ ಮಾತಿಗೆ ಸರಿಹೋಯಿತು. ತಾನು ಅದನ್ನು ನಂಬುತ್ತೇನೆಂದು ಟೇಲರ್ ಬರೆಯುವುದಿಲ್ಲ, ಬಿಟ್ಟುಬಿಡುವುದೂ ಇಲ್ಲ. ಒಂದು ಸಾಮ್ರಾಜ್ಯದ ಬಂದೂಕು ಮಾಡಿದ ಕೆಲಸವನ್ನು ಗ್ರಹಗಳ ಲೆಕ್ಕಕ್ಕೂ ಒಂದಿಷ್ಟು ಬರೆದರೆ ಕತೆಗೆ ರಂಗು ಬರುತ್ತದೆ, ನಿಜ. ಆದರೆ ಬಂದೂಕು ಮರೆಯಾಗುತ್ತದೆ.

ಅವನ ಠಕ್ಕರ ಕಾದಂಬರಿಗೂ ಇಂಥದೇ ಒಂದು ಬಾಲವಿದೆ. ರಾಣಿಯಿಂದ ಗುಮಾಸ್ತನವರೆಗೆ ಇಂಗ್ಲೆಂಡ್ ರೋಮಾಂಚನಗೊಂಡು ಓದಿತು. ಹಿಂದೂಸ್ಥಾನದ ದಾರಿಗಳೆಲ್ಲ ಹುಟ್ಟು ಕೊಲೆಗಡುಕರಿಂದ ತುಂಬಿವೆ ಎಂಬ ಚಿತ್ರ ಅವರ ಮನಸ್ಸಿನಲ್ಲಿ ಊರಿತು. ಹುಟ್ಟಿನಿಂದಲೇ ಕೆಲವರು ಅಪರಾಧಿಗಳು ಎಂಬ ಎಣಿಕೆ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಎಂಬ ಕಾನೂನಾಗಿಯೇ ಬಂತು. ಎಷ್ಟೋ ಅಲೆಮಾರಿ ಸಮುದಾಯಗಳು ಅದರ ಅಡಿಯಲ್ಲಿ ನರಳಿದವು. ಅದಕ್ಕೆಲ್ಲ ಒಂದು ಕಾದಂಬರಿಯನ್ನೇ ಹೊಣೆ ಮಾಡುವುದು ತಪ್ಪು. ಆದರೆ ಹೆದರಿದ ಓದುಗ ದೀಪ ಆರಿಸಿ ಮಲಗಿದ ಮೇಲೂ ಹೆದರಿಕೆ ಎದ್ದು ಓಡಾಡುತ್ತದೆ, ಯಾರದೋ ಮನೆಯ ಬಾಗಿಲು ತಟ್ಟುತ್ತದೆ.

ಅವ್ವನ ಗದರಿಕೆ

ಹಾಗಾದರೆ 'ರಾತ್ರಿ ಹೊತ್ತು ದೆವ್ವದ ಪುಸ್ತಕ ಓದಬ್ಯಾಡೋ' ಎಂದು ಗದರುತ್ತಿದ್ದ ಅವ್ವಂದಿರು ಸರಿಯೇ? ಅರ್ಧ ಸರಿ. ನಿದ್ದೆ ಕೆಡುತ್ತದೆ, ಪರೀಕ್ಷೆ ಕೆಡುತ್ತದೆ ಎಂಬುದು ನಿಜ. ಆದರೆ ಆ ಪುಸ್ತಕ ಕಸಿದುಕೊಂಡರೆ ಮಗುವಿನ ಹೆದರಿಕೆ ಹೋಗುತ್ತಿರಲಿಲ್ಲ. ಓಣಿಯಲ್ಲಿ ಕೇಳುವ ಭಾನಾಮತಿಯ ಮಾತು ಪುಸ್ತಕಕ್ಕಿಂತ ಗಟ್ಟಿಯಾಗಿತ್ತು. ಪುಸ್ತಕದಲ್ಲಿ ಕನಿಷ್ಠ ಒಬ್ಬ ಡಾಕ್ಟರು ಇದ್ದರು. ಮೈಮೇಲೆ ಬರುವುದು, ಮಾಟದ ಹೆದರಿಕೆ ಇವುಗಳ ಹಿಂದೆ ಮನಸ್ಸಿನ ಒತ್ತಡ, ಅದರಲ್ಲೂ ಹೇಳಿಕೊಳ್ಳಲಾಗದ ಹೆಣ್ಣುಮಕ್ಕಳ ಸಂಕಟ ಹೇಗೆ ಕೆಲಸ ಮಾಡುತ್ತದೆ ಎಂದು ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲೇ ಸರಳವಾಗಿ ಬರೆದಿದ್ದಾರೆ. 'ತುಳಸೀದಳ' ಓದಿ ಮುಗಿಸಿದ ಹುಡುಗನ ಕೈಗೆ ಮುಂದಿನ ಪುಸ್ತಕವಾಗಿ ಅದು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ಬಹಳ ಮನೆಗಳಲ್ಲಿ ಸಿಕ್ಕಿದ್ದು ಬೈಗುಳ.

ಓದಿನ ಚಟ ಹತ್ತಿಸಿದ ಪುಣ್ಯವನ್ನು ಈ ಕಾದಂಬರಿಗಳಿಂದ ಕಸಿಯಲಾಗದು. ನಾಲ್ಕನೇ ಇಯತ್ತೆಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐನೂರರಷ್ಟು ಪತ್ತೇದಾರಿ ಕಾದಂಬರಿ ಬರೆದು ಲಕ್ಷಾಂತರ ಕನ್ನಡಿಗರಿಗೆ ಅಕ್ಷರದ ರುಚಿ ಹತ್ತಿಸಿದ್ದರು. ಅವರ ಪತ್ತೇದಾರ ಪುರುಷೋತ್ತಮನಿಂದ ಟಿ. ಕೆ. ರಾಮರಾಯರಿಗೆ, ಅಲ್ಲಿಂದ ಯಂಡಮೂರಿಗೆ, ಅಲ್ಲಿಂದ ತೇಜಸ್ವಿ, ಭೈರಪ್ಪನವರಿಗೆ ನಡೆದುಹೋದ ಓದುಗರು ಎಷ್ಟೋ ಮಂದಿ. ಯಂಡಮೂರಿಯ ಬಳಿಯೇ ನಿಂತುಬಿಟ್ಟವರೂ ಇದ್ದಾರೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಅವರ ಪ್ರೇಮಕತೆಯೊಂದು 1995ರಲ್ಲಿ ಸುನಿಲ್ ಕುಮಾರ್ ದೇಸಾಯಿಯವರ 'ಬೆಳದಿಂಗಳ ಬಾಲೆ'ಯಾಗಿ ತೆರೆಗೆ ಬಂದಾಗ, ಕೊನೆಯವರೆಗೂ ಮುಖ ತೋರದ ನಾಯಕಿಗಾಗಿ ಕಾದು ಕುಳಿತವರು ಈ ಹಳೆಯ ಓದುಗರೇ. ಕಾಯಿಸುವುದರಲ್ಲಿ ಆ ಮನುಷ್ಯ ಎಂದೂ ಪಕ್ಕಾ.

ಆಮೇಲೆ ಒಂದು ತಮಾಷೆ ನಡೆಯಿತು. ಭಯದ ಕಾದಂಬರಿಗಳಿಂದ ಹೆಸರು ಮಾಡಿದ ಯಂಡಮೂರಿ ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ಹೊರಳಿದರು. ತೆಲುಗಿನಲ್ಲಿ 'ವಿಜಯಾನಿಕಿ ಐದು ಮೆಟ್ಲು' ಭಾರೀ ಮಾರಾಟವಾಯಿತು. ಪರೀಕ್ಷೆಗೆ ಹೇಗೆ ಓದಬೇಕು, ಏಕಾಗ್ರತೆ ಹೇಗೆ ಬರುತ್ತದೆ, ಹೆದರಿಕೆ ಹೇಗೆ ಬಿಡಬೇಕು ಎಂದು ವಿದ್ಯಾರ್ಥಿಗಳ ಸಭೆಗಳಲ್ಲಿ ಮಾತಾಡತೊಡಗಿದರು. ಯಾರ ಪುಸ್ತಕವನ್ನು ಅಪ್ಪ ಅವ್ವ ಟ್ರಂಕಿನ ತಳಕ್ಕೆ ತಳ್ಳುತ್ತಿದ್ದರೋ ಅದೇ ಲೇಖಕರ ಪುಸ್ತಕವನ್ನು ಈಗ ಅಪ್ಪಂದಿರೇ ದುಡ್ಡು ಕೊಟ್ಟು ತಂದು ಮಕ್ಕಳ ಮೇಜಿನ ಮೇಲೆ ಇಟ್ಟರು. ಮಕ್ಕಳು ಅದನ್ನು ಅಷ್ಟೇ ಆತುರದಿಂದ ಓದಿದರೇ? ಮಕ್ಕಳನ್ನೇ ಕೇಳಬೇಕು.

ಈಗ ವಾರಪತ್ರಿಕೆಗಳ ಧಾರಾವಾಹಿಗೆ ಮೊದಲಿನ ಗದ್ದಲವಿಲ್ಲ. ದೆವ್ವದ ಕತೆ ಮೊಬೈಲಿನಲ್ಲಿ ಕಿವಿಗೇ ಬಂದು ಬೀಳುತ್ತದೆ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ, ಕಾಯುವ ಮಾತೇ ಇಲ್ಲ. ಮಾಟದ ಹೆಸರಿನಲ್ಲಿ ನಡೆಯುವ ಹಿಂಸೆಗೆ ಕಡಿವಾಣ ಹಾಕಲು ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಅದೇ 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವುದು ಶುರುವಾಯಿತು. ಹಳ್ಳಿಯ ಮಗುವಿಗೆ ಬಸ್ಸಿಗೂ ಕಾಯದೆ, ಕದಿಯದೆ, ತನ್ನದೇ ಹೆಸರಿನಲ್ಲಿ ಪುಸ್ತಕ ಸಿಗುವ ದಾರಿ ಅದು. ಆ ಕಪಾಟಿನಲ್ಲಿ ದೆವ್ವದ ಕತೆಗಳಿಗೂ ಒಂದು ಸಾಲು ಬೇಕು, ಪಕ್ಕದ ಸಾಲಿನಲ್ಲೇ ಚಂದ್ರಶೇಖರ್ ಅವರ ಪುಸ್ತಕಗಳೂ ಇರಬೇಕು. 'ತುಳಸೀದಳ' ಓದಿದ ಮಗು 'ತುಳಸಿ' ಕೇಳಿಕೊಂಡು ಬಂದೇ ಬರುತ್ತದೆ. ಆಗ ಗ್ರಂಥಪಾಲಕರು ಎರಡು ಪುಸ್ತಕ ಒಟ್ಟಿಗೆ ಕೊಟ್ಟು ಕಳಿಸಬಹುದು.